ಸಾಲಿನ ಮುಂದಿನ ಜಾಗ

“ಏ ವಿಠೋಬಾ, ನಿನಗ ಹಕ್ಕಿ ಅಂದ್ರ ಎರಡೇ ಜಾತಿ ನೋಡು. ಒಂದು ಕರೇದು, ಇನ್ನೊಂದು ಕರೇ ಅಲ್ಲದ್ದು. ಸಾಲಿಗಿ ಹೋಗೂ ವಯಸ್ಸಿನ್ಯಾಗ ಕಲ್ಲ ಒಡಕೋತ ಕುಂತರ ಹೆಸರು ಹ್ಯಾಂಗ ಬರಬೇಕೋ ತಮ್ಮಾ?”

ಸಂಗಮೇಶ್ವರ ಹೀಗೆ ಹೇಳಿದ್ದು ಶಹಾಬಾದಿನ ಹಳೆಯ ಕಲ್ಲು ಖಣಿಯ ದಂಡೆಯ ಮೇಲೆ, ಹನ್ನೆರಡು ಮಂದಿಯ ಎದುರಿಗೆ. ಎಲ್ಲರೂ ನಕ್ಕರು. ಜಬೀನಾ ಟೀಚರ್ ಕೂಡ ನಕ್ಕು, ಆಮೇಲೆ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡರು. ಉಳಿದವರ ನಗುವನ್ನು ವಿಠೋಬಾ ಹೇಗೋ ನುಂಗಿಕೊಂಡಾನು. ಟೀಚರ್ ನಗು ಮಾತ್ರ ಗಂಟಲಲ್ಲೇ ನಿಂತಿತು.

ಭಾನುವಾರ ಬೆಳಗ್ಗೆ ಹಕ್ಕಿ ನೋಡಲು ಊರ ಹೊರಗೆ ಅಡ್ಡಾಡುವ ಈ ತಂಡ ಕಟ್ಟಿದವರು ಅವರೇ. ಏಳನೇ ತರಗತಿಗೆ ಸಾಲೆ ಬಿಟ್ಟು ಖಣಿ ಸೇರಿದ್ದ ವಿಠೋಬಾನನ್ನು ಕರೆದವರೂ ಅವರೇ. ಜೂನಿನ ಮಿರಗದ ಮಳೆ ಬಿದ್ದು ಫರಸಿಯ ಹಾಸುಗಲ್ಲು ಪಾಚಿಗಟ್ಟಿದಾಗ ಯಾವುದು ಜಾರುತ್ತದೆ, ಯಾವುದು ಅಲುಗುತ್ತದೆ ಎಂಬುದು ಅವನ ಅಂಗಾಲಿಗೆ ಗೊತ್ತಿತ್ತು. ಹೀಗಾಗಿ ಅವನೇ ಮುಂದೆ, ಉಳಿದವರು ಅವನ ಹೆಜ್ಜೆಯ ಮೇಲೆ ಹೆಜ್ಜೆ. ಶ್ರಾವಣದಲ್ಲಿ ಕುಂಚಾವರಂ ಕಾಡಿಗೆ ಹೋದಾಗ ಒಬ್ಬೊಬ್ಬರ ಕೈ ಹಿಡಿದು ಹಳ್ಳ ದಾಟಿಸಿದವನು ಅವನು. ತೊಗರಿ ಹೂಬಿಟ್ಟು ಹೊಲವೆಲ್ಲ ಹಳದಿಯಾದಾಗ, ನೀರು ತುಂಬಿದ ಖಣಿಗೆ ಬಾತುಗಳು ಬಂದಿಳಿದಾಗ, ಮೊದಲು ಬೆರಳು ಮಾಡಿದವನೂ ಅವನೇ. “ನಮ್ಮ ವಿಠೋಬಾನ ಕಣ್ಣು ಭಾಳ ಚುರುಕು” ಎಂದು ಟೀಚರ್ ಹೇಳಿದ ದಿನ ಊಟ ಮಾಡುವುದನ್ನೇ ಮರೆತಿದ್ದ.

ದೀಪಾವಳಿ ಕಳೆದ ಮೇಲೆ ಸಂಗಮೇಶ್ವರ ಬಂದ. ಕಲಬುರಗಿಯಲ್ಲಿ ಡಿಗ್ರಿ ಮುಗಿಸಿದವನು. ಕೊರಳಲ್ಲಿ ಮೊಳದುದ್ದದ ಕ್ಯಾಮೆರಾ, ಮೊಬೈಲಿನಲ್ಲಿ ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಆ್ಯಪ್. ಮಳೆ ನಿಂತು ಕಲ್ಲುಗಳು ಒಣಗಿದ್ದವು, ಜಾರುವ ಭಯ ಯಾರಿಗೂ ಉಳಿದಿರಲಿಲ್ಲ. ಎರಡೇ ವಾರದಲ್ಲಿ ಮುಂದಿನ ಜಾಗ ಅವನದಾಯಿತು. ಸಂಜೆ ವಾಟ್ಸಾಪಿನಲ್ಲಿ ಅವನ ಫೋಟೋಗಳಿಗೆ ಟೀಚರ್ ಹೂವು, ಚಪ್ಪಾಳೆ ಕಳಿಸುವುದನ್ನು ವಿಠೋಬಾ ತನ್ನ ಗಾಜು ಒಡೆದ ಮೊಬೈಲಿನಲ್ಲಿ ನೋಡುತ್ತಿದ್ದ. ಮುಚ್ಚಿಡುತ್ತಿದ್ದ. ಹುಣ್ಣು ಕೆರೆದುಕೊಳ್ಳುವವನಂತೆ ಮತ್ತೆ ತೆಗೆದು ನೋಡುತ್ತಿದ್ದ.

ಆ ಉರಿಯೇ ಈಗ ಬಾಯಿಗೆ ಬಂತು. “ಹೆಸರು ನೀನೇ ಇಟ್ಕೋ. ನೀ ಹುಟ್ಟಿದಾಗಿಂದ ನೋಡಲಾರದ್ದು ನನಗ ಗೊತ್ತದ. ದೊಡ್ಡ ಗೂಗಿ, ಮರಿ ಸಮೇತ! ಬರೋ ಐತವಾರ ತೋರಸ್ತೀನಿ.”

“ಖರೇನೇನೋ ವಿಠೋಬಾ?” ಟೀಚರ್ ಕಣ್ಣರಳಿಸಿದರು. “ಗೂಗಿ ಮರಿ ನಾ ಇನ್ನಾ ನೋಡೇ ಇಲ್ಲ.”

ಅವನು ಹೇಳಿದ್ದು ಸುಳ್ಳಲ್ಲ. ಎರಡು ಖಣಿ ದಾಟಿದರೆ ಮೂರನೆಯದು, ಕೆಲಸ ನಿಂತುಹೋದದ್ದು. ಹದಿನಾಲ್ಕರ ವಯಸ್ಸಿನಲ್ಲಿ ತಾನೇ ಉಳಿ ಹಿಡಿದು ಫರಸಿ ಎಬ್ಬಿಸಿದಲ್ಲಿ ಗೋಡೆಗೆ ಒಂದು ಮೆಟ್ಟಿಲು ಉಳಿದಿತ್ತು. ಅಲ್ಲಿ ಗೂಬೆ ಮೂರು ಮರಿ ಮಾಡಿತ್ತು.

ಬುಧವಾರ, ಎಲ್ಲಿ ನಿಂತರೆ ಮರಿಗಳು ಚೆನ್ನಾಗಿ ಕಾಣುತ್ತವೆ ಎಂದು ನೋಡಿಟ್ಟುಕೊಳ್ಳಲು ಹೋದ. ಆಸೆಗೆ ಬಿದ್ದು ನಾಲ್ಕು ಹೆಜ್ಜೆ ಹೆಚ್ಚಿಗೆ ಇಟ್ಟ. ತಾಯಿ ಎದ್ದು ಹಾರಿತು. ಹಾರಿದ್ದೇ ತಡ, ಕಾಗೆಗಳು ಮುಗಿಬಿದ್ದವು. ಕಲ್ಲು ಬೀಸಿ ಓಡಿಸುವಷ್ಟರಲ್ಲಿ ಒಂದು ಮರಿ ಹೋಗಿತ್ತು. ಅರಳೆಯಂಥ ಪುಕ್ಕ ಖಣಿಯ ನೀರಿನ ಮೇಲೆ ಬಿದ್ದಿತ್ತು.

ಭಾನುವಾರ ಮೂವತ್ತು ಮಂದಿ ಸೇರಿದ್ದರು. ಸಂಗಮೇಶ್ವರ ಕಲಬುರಗಿಯ ಗೆಳೆಯರಿಗೆಲ್ಲ ಸುದ್ದಿ ಮುಟ್ಟಿಸಿದ್ದ. ಒಬ್ಬನ ಕೈಯಲ್ಲಿ ಗೂಬೆಯ ಕೂಗು ಹಾಕಿ ತಾಯಿಯನ್ನು ಹೊರಗೆಳೆಯಲು ಸ್ಪೀಕರ್ ಬೇರೆ.

“ನಡೀಯಪ್ಪಾ, ಇವತ್ತ ನೀನೇ ಮುಂದ” ಎಂದರು ಟೀಚರ್.

ಮುತ್ತಲ ಗಿಡಗಳು ಹೂಬಿಟ್ಟು ಕೆಂಪಾಗತೊಡಗಿದ್ದವು. ವಿಠೋಬಾನಿಗೆ ಕಂಡದ್ದು ಅದಲ್ಲ. ತನ್ನ ಮುಂದೆ ಯಾರ ಬೆನ್ನೂ ಇಲ್ಲದ ದಾರಿ. “ಇನ್ನಾ ಎಷ್ಟು ದೂರ ಅದನೋ?” ಎಂದು ಹಿಂದಿನಿಂದ ಸಂಗಮೇಶ್ವರ ಕೇಳಿದ. ಅವನು ತನ್ನನ್ನು ಕೇಳಬೇಕಾಯಿತಲ್ಲ! ಬೇಕೆಂದೇ ಉತ್ತರ ತಡ ಮಾಡಿದ. “ಬಾ, ಬಾ.”

ಎರಡನೆಯ ಖಣಿಯ ದಂಡೆಗೆ ಬರುತ್ತಲೇ ಮೂವತ್ತು ಮಂದಿಯ ಕಾಲಡಿ ಫರಸಿ ಚೂರುಗಳು ಗಲಗಲ ಎಂದವು. ಬೇವಿನ ಗಿಡದಿಂದ, ಬುಧವಾರದ ಹಾಗೆಯೇ, ಕಾಗೆಗಳು ಎದ್ದವು.

ವಿಠೋಬಾ ನಿಂತುಬಿಟ್ಟ.

“ಯಾಕ ನಿಂತಿ? ಎಲ್ಲದ ಗೂಗಿ?” ಸಂಗಮೇಶ್ವರ ಕ್ಯಾಮೆರಾ ಎತ್ತಿಕೊಂಡ. “ಬೆರಳು ಮಾಡು ಸಾಕು, ಹೆಸರು ನಾ ಹೇಳ್ತೀನಿ.” ಗೆಳೆಯರು ನಕ್ಕರು. “ಇಲ್ಲಂದ್ರ ಸುಳ್ಳ ಹೇಳೀನಂತ ಒಪ್ಕೋ. ಇಷ್ಟು ಮಂದಿ ನಿದ್ದಿ ಕೆಡಿಸಿದಿ.”

ಬೆರಳು ಎತ್ತಿದರೆ ಮುಂದಿನ ಜಾಗ ವಿಠೋಬಾನದೇ, ಇವತ್ತಿಗಷ್ಟೇ ಅಲ್ಲ. ಮರಿಗಳಿವೆ, ಹತ್ತಿರ ಹೋಗಬೇಡಿ ಎಂದು ಕೈಮುಗಿದು ಹೇಳಬಹುದಿತ್ತು. ಹಾಗೆ ಹೇಳಿದರೆ ಗೂಡು ಇರುವುದು ಖಾತ್ರಿಯಾಗುತ್ತಿತ್ತು. ಖಾತ್ರಿಯಾದರೆ ಈ ಮನುಷ್ಯ ನಾಳೆಯೇ ಖಣಿ ಖಣಿ ಹುಡುಕಿ, ಮೆಟ್ಟಿಲ ಎದುರಿಗೇ ಕ್ಯಾಮೆರಾ ಹೂಡುತ್ತಿದ್ದ. ಸಂಜೆ ಅದಕ್ಕೂ ಟೀಚರ್ ಹೂವು ಬರುತ್ತಿತ್ತು. ವಿಠೋಬಾ ಹಲ್ಲು ಕಚ್ಚಿದ.

ಟೀಚರ್ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಖರೇ ಹೇಳಪ್ಪಾ. ಅದನೋ, ಇಲ್ಲೋ?”

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಇವನು ಸುಳ್ಳು ಹೇಳಿರಬಹುದು ಎಂಬ ಮರುಕವಿತ್ತು. ಸಿಟ್ಟೇ ಇದ್ದಿದ್ದರೆ ಎಷ್ಟೋ ವಾಸಿ.

ಅವನು ಊರ ಕಡೆ ತಿರುಗಿದ. ಮಂದಿ ಸರಿದು ದಾರಿ ಬಿಟ್ಟರು. “ನಾ ಹೇಳಿದ್ದಿಲ್ಲೇನ್ರೀ ಟೀಚರ್? ಬರ್ರಿ, ಕಾಗಿಣಾ ಹೊಳಿ ದಂಡಿಗಿ ಹೋಗಾಮು” ಎಂಬ ಸಂಗಮೇಶ್ವರನ ದನಿ, ಅದರ ಹಿಂದೆ ಒಂದೊಂದಾಗಿ ಹೆಜ್ಜೆಗಳು ಸಾಲುಗೂಡುವ ಸಪ್ಪಳ. “ವಿಠೋಬಾ!” ಟೀಚರ್ ಇನ್ನೊಮ್ಮೆ ಕೂಗಿದರು. ಅವನು ಮುಷ್ಟಿ ಬಿಗಿದುಕೊಂಡು, ಹಿಂದಿರುಗಿ ನೋಡದೆ, ಫರಸಿಯ ಮೇಲೆ ಬಿರಬಿರನೆ ನಡೆದ.