ಎಂಜಲಾದ ಗಾಜು

ಗಾಜಿನ ಪೆಟ್ಟಿಗೆಯ ಮೇಲೆ ತುಟಿಗಳ ಗುರುತುಗಳು ಒಂದರ ಮೇಲೊಂದು ಕೂತಿದ್ದವು. ಒಂದು ಕಡೆ ಲಿಪ್‌ಸ್ಟಿಕ್ಕಿನ ಕೆಂಪು, ಪಕ್ಕದಲ್ಲಿ ಹಸಿ ಎಂಜಲು. ಐದಾರು ಜನ ಮುತ್ತಿಟ್ಟು ಹೋದ ಮೇಲೆ ಅಲ್ಲಿ ನಿಂತಿದ್ದ ಸ್ವಯಂಸೇವಕ ಒಂದು ಬಿಳಿ ಬಟ್ಟೆಯಿಂದ ಒರೆಸುತ್ತಿದ್ದ. ಇಪ್ಪತ್ತು ನಿಮಿಷದಿಂದ ಅದೇ ಬಟ್ಟೆ. ಅದು ಒರೆಸುವುದಲ್ಲ, ಹರಡುವುದು.

ಇಷ್ಟು ಖಚಿತವಾಗಿ ಹೇಳಲು ನಾನು ಡಾಕ್ಟರಲ್ಲ. ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಒಂದು ಸರ್ಜರಿ ಸೆಂಟರಿನಲ್ಲಿ ಆಪರೇಷನ್ ಆದ ಮೇಲೆ ಬರುವ ಕತ್ತರಿ, ಇಕ್ಕಳಗಳನ್ನು ತೊಳೆದು ಸ್ಟೆರಿಲೈಜ್ ಮಾಡುವವಳು. ಸಂಜೆ ತರಗತಿಯಲ್ಲಿ ಒಂದು ವರ್ಷ ಕಲಿತದ್ದು. ಕಣ್ಣಿಗೆ ಶುಭ್ರವಾಗಿ ಕಂಡದ್ದನ್ನು ನಂಬಬೇಡಿ ಎಂಬುದೇ ಅಲ್ಲಿಯ ಮೊದಲ ಪಾಠ.

ಮಗಳು ನಿಹಾರಿಕಾ ಮಾಸ್ಕ್ ಹಾಕಿಕೊಂಡು ನನ್ನ ಕೈ ಹಿಡಿದು ನಿಂತಿದ್ದಳು. ಅವಳಿಗೆ ಎಂಟು ವರ್ಷ. ಐದು ತಿಂಗಳ ಹಿಂದೆ ಹ್ಯೂಸ್ಟನ್ನಿನಲ್ಲಿ ನನ್ನ ಒಂದು ಕಿಡ್ನಿಯನ್ನು ಅವಳಿಗೆ ಹಾಕಿದರು. ಅದನ್ನು ಅವಳ ಮೈ ತಿರಸ್ಕರಿಸದಿರಲೆಂದು ಕೊಡುವ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತವೆ. ಬೇರೆ ಮಕ್ಕಳು ಎರಡು ದಿನ ಮೂಗು ಸೋರಿಸಿ ಮರೆಯುವ ನೆಗಡಿಗೆ ಇವಳು ಆಸ್ಪತ್ರೆ ಸೇರಬೇಕಾಗುತ್ತದೆ.

ಆಪರೇಷನ್ನಿನ ದಿನ ಹರಕೆ ಹೊತ್ತವರು ಕ್ಯಾರಲ್ಟನ್ನಿನ ನಮ್ಮ ಪಕ್ಕದ ಮನೆಯ ಅನಸೂಯಾ ಆಂಟಿ. ಮಗು ಉಳಿದರೆ ಕರೆತಂದು ಈ ಗಾಜಿಗೆ ಮುತ್ತಿಡಿಸುತ್ತೇನೆ ಎಂದು. ನನ್ನನ್ನು ಕೇಳಿರಲಿಲ್ಲ. ಆಂಟಿ ಮೈಸೂರಿನಲ್ಲಿ ಚಿಕ್ಕಂದಿನಿಂದ ಫಿಲೋಮಿನಾ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿ ಬೆಳೆದವರು. ಸಂತರೆಲ್ಲ ಅವರಿಗೆ ಮನೆದೇವರ ನೆಂಟರು. ಕಳೆದ ವಾರ ನಿಹಾರಿಕಾಳ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿತ್ತು. ಕಿಡ್ನಿ ಸೋಲುತ್ತಿದ್ದರೆ ಏರುವ ಅಂಶ ಅದು. ನೀರು ಕಡಿಮೆ ಕುಡಿದಿರಬೇಕು ಎಂದರು ಡಾಕ್ಟರು. ಹರಕೆ ಬಾಕಿ ಉಳಿದಿದೆಯಲ್ಲ ಎಂದರು ಆಂಟಿ. ನಾನು ಓದಿದವಳು ಎಂದುಕೊಂಡಿದ್ದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಶನಿವಾರ ಅವರ ಕಾರು ಹತ್ತಿದೆ. ಆಂಟಿಯ ಗಂಡ ವೇಣುಗೋಪಾಲ ಅಂಕಲ್, ಮೂಳೆ ಡಾಕ್ಟರಾಗಿ ನಿವೃತ್ತರಾದವರು, ಜಾರ್ಜ್‌ಟೌನ್ ದಾಟಿ ಆಸ್ಟಿನ್ ಹತ್ತಿರದ, ಈಗ ಯಾತ್ರಾಸ್ಥಳವಾಗಿರುವ ಈ ಹಳೆಯ ಆಸ್ಪತ್ರೆಯವರೆಗೆ ಡ್ರೈವ್ ಮಾಡಿದರು.

ಸಂತಪದವಿ ಪಡೆದ ಕನ್ಯಾಸ್ತ್ರೀಯೊಬ್ಬಳು ಇಲ್ಲಿ ಬಡರೋಗಿಗಳ ಸೇವೆ ಮಾಡಿದ್ದಳಂತೆ. ಪೆಟ್ಟಿಗೆಯೊಳಗಿದ್ದದ್ದು ಅವಳ ಬೆರಳಿನ ಮೂಳೆ. ಗೋಡೆಯ ತುಂಬ ಹರಕೆ ತೀರಿಸಿದವರ ಕತ್ತರಿಸಿದ ಜಡೆಗಳು, ಯಾರದೋ ಕಾಲಿನಿಂದ ಬಿಚ್ಚಿದ ಹಳದಿಗಟ್ಟಿದ ಪ್ಲಾಸ್ಟರ್. ಕೋಣೆಯಲ್ಲಿ ಮೇಣ, ಬೆವರು, ಹಳೆಯ ಕೂದಲಿನ ವಾಸನೆ.

ಆಂಟಿ ಗೋಡೆಯ ಬರಹ ಓದಿ ಮಗುವಿಗೆ ಕನ್ನಡದಲ್ಲಿ ಹೇಳತೊಡಗಿದರು. "ನೋಡು ಪುಟ್ಟಿ, ಒಂದಿನ ರೋಗಿ ಹುಣ್ಣು ತೊಳೀತಾ ಇವರಿಗೆ ವಾಕರಿಕೆ ಬಂತಂತೆ. ಅಯ್ಯೋ, ಅಸಹ್ಯ ಪಟ್ಕೊಂಡೆನಲ್ಲ ಅಂತ, ತೊಳೆದ ನೀರನ್ನೇ ಕುಡಿದುಬಿಟ್ರಂತೆ. ಎಂಥಾ ಮನಸ್ಸು."

"ಯಕ್," ಎಂದಳು ನಿಹಾರಿಕಾ.

ಹುಣ್ಣು ತೊಳೆದದ್ದು ದೊಡ್ಡದು. ಕುಡಿದದ್ದರಿಂದ ಆ ರೋಗಿಗೆ ಏನು ಸಿಕ್ಕಿತು? ಇಂಥ ಪ್ರಶ್ನೆ ಕೇಳುವ ನಾನೇ ಸಣ್ಣ ಮನಸ್ಸಿನವಳಿರಬಹುದು.

ಆಂಟಿ ಬಗ್ಗಿ ಗಾಜಿಗೆ ಮುತ್ತಿಟ್ಟರು. ಮನೆಯಲ್ಲಿ ಮೊಮ್ಮಕ್ಕಳು ಮುಟ್ಟಿದ ಲೋಟವನ್ನೂ ಮತ್ತೊಮ್ಮೆ ತೊಳೆಯುವವರು. "ಬಾ ಪುಟ್ಟಿ, ಮಾಸ್ಕ್ ತೆಗಿ."

"ಆಂಟಿ, ಬೇಡ," ಎಂದೆ. "ಕೈ ಮುಗೀಲಿ, ಸಾಕು."

"ಮುತ್ತು ಅಂತ ಹೇಳ್ಕೊಂಡಿದೀನಿ ಕಣೆ. ಕೈ ಮುಗಿಯೋಕೆ ಇನ್ನೂರು ಮೈಲಿ ಬರ್ಬೇಕಿತ್ತಾ?"

ಅಂಕಲ್ ನಕ್ಕರು. "ಕುಮುದಾ, ನಿನ್ನ ಕಣ್ಣಿಗೆ ಯಾರೋ ಮೈಕ್ರೋಸ್ಕೋಪ್ ಹಾಕ್ಬಿಟ್ಟಿದಾರೆ. ಒಂದು ಸೆಕೆಂಡಲ್ಲಿ ಏನೂ ಆಗಲ್ಲ. ನಲವತ್ತು ವರ್ಷದ ಡಾಕ್ಟರು ಹೇಳ್ತಿದೀನಿ."

ಅವರ ನಲವತ್ತು ವರ್ಷದ ಅನುಭವದ ಮುಂದೆ ನನ್ನ ಒಂದು ವರ್ಷದ ಕಲಿಕೆ. ತಪ್ಪು ನನ್ನದೇ ಇರಬಹುದೆಂದು ಒಂದು ಕ್ಷಣ ಅನ್ನಿಸಿತು. ಆಂಟಿಯ ಕೈ ಮಗುವಿನ ಕಿವಿಯ ಹಿಂದಿನ ಮಾಸ್ಕಿನ ದಾರಕ್ಕೆ ಹೋಗಿತ್ತು. ನಮ್ಮ ಹಿಂದೆ ನಿಂತಿದ್ದವನು ಕೆಮ್ಮಿದ.

ನಾನು ಆಂಟಿಯ ಕೈ ತೆಗೆದು, ಮಗುವನ್ನು ಹಿಂದಕ್ಕೆ ಸರಿಸಿ, ಗಾಜಿಗೆ ನನ್ನ ತುಟಿ ಒತ್ತಿದೆ. ಬೆಚ್ಚಗಿತ್ತು. ಉಪ್ಪುಪ್ಪು. ಯಾರದೋ ಚ್ಯೂಯಿಂಗ್ ಗಮ್ಮಿನ ಪುದೀನ ವಾಸನೆ. ಭಕ್ತಿ ಬರುತ್ತದೇನೋ ಎಂದು ಕಾದೆ. ಬಂದದ್ದು ವಾಕರಿಕೆ.

"ಹರಕೆ ಮಗೂದು, ನಿಂದಲ್ಲ," ಎಂದರು ಆಂಟಿ, ಮುಖ ಬಿಗಿದುಕೊಂಡು.

"ಮಗು ಒಳಗಿರೋ ಕಿಡ್ನಿ ಇವಳದ್ದೇ ಅಲ್ವೇನೆ?" ಎಂದರು ಅಂಕಲ್. "ನಿನ್ನ ಸಂತಮ್ಮ ಅಡ್ಜಸ್ಟ್ ಮಾಡ್ಕೋತಾರೆ ಬಿಡು, ಒಳ್ಳೆ ಹೆಂಗಸು."

ಆಂಟಿ ಪೆಟ್ಟಿಗೆಯತ್ತ ನೋಡಿ, ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸಿ, ಏನೋ ಒಪ್ಪಂದ ಮಾಡಿಕೊಂಡವರಂತೆ ತಲೆಯಾಡಿಸಿದರು.

ಪಾರ್ಕಿಂಗ್ ಲಾಟಿನಲ್ಲಿ ನಾಲ್ಕು ಕ್ರಿಮಿನಾಶಕ ವೈಪ್ಸ್ ತೆಗೆದು ಉರಿ ಹತ್ತುವವರೆಗೆ ತುಟಿ ಉಜ್ಜಿದೆ. ಆ ಗಾಜಿನ ಮೇಲೆ, ಆ ಬಟ್ಟೆಯ ಮೇಲೆ ಹೇಸಿಗೆ. ನಂಬದೆಯೂ ಹೆದರಿ ಮುತ್ತಿಟ್ಟ ನನ್ನ ಮೇಲೆ ಇನ್ನೂ ಹೆಚ್ಚು. ಮಗುವಿನ ಪಕ್ಕ ಕೂರದೆ, ನಾನೂ ಮಾಸ್ಕ್ ಹಾಕಿಕೊಂಡು ಮುಂದಿನ ಸೀಟಿಗೆ ಹೋದೆ.

ನಿಹಾರಿಕಾ ಹಿಂದಿನಿಂದ ಹಣೆ ಮುಂದೆ ಚಾಚಿದಳು. ಆಸ್ಪತ್ರೆಯಿಂದ ಹೊರಬಂದಾಗಲೆಲ್ಲ ನಾನು ಅವಳ ಹಣೆಗೆ ಮುತ್ತು ಕೊಡುವುದು ರೂಢಿ; ಇದನ್ನೂ ಅವಳು ಆಸ್ಪತ್ರೆ ಎಂದೇ ತಿಳಿದಿದ್ದಳು. "ಅಮ್ಮಾ, ನನ್ನ ಕಿಸ್?"

"ಮನೆಗೆ ಹೋಗಿ ಸ್ನಾನ ಮಾಡಿದ ಮೇಲೆ, ಪುಟ್ಟಿ."

ಅವಳು ನಿಧಾನವಾಗಿ ಹಿಂದಕ್ಕೆ ಒರಗಿದಳು. ಆಂಟಿ ಸ್ಟೀಲ್ ಬಾಟಲಿ ತೆಗೆದು, ತುಟಿಗೆ ತಾಗಿಸದೆ ಎತ್ತಿ ಗಟಗಟ ಕುಡಿದು, ನನ್ನತ್ತ ಚಾಚಿದರು.

"ತಗೋ, ಬಾಯಿ ಒಣಗಿರುತ್ತೆ. ಎತ್ತಿ ಕುಡಿ, ಕಚ್ಚಬೇಡ. ಎಂಜಲು ನಂಗಾಗಲ್ಲ."