ಶಹಾತನ ಮನೆಪಾಠ

"ನಿಮ್ಮ ಮಗಳಿಗೆ ಹತ್ತಕ್ಕೆ ಒಂಬತ್ತು, ನನ್ನ ಮಗನಿಗೆ ಎರಡು. ಒಳ್ಳೊಳ್ಳೆ ಲೆಕ್ಕ ಎಲ್ಲ ಮಗಳಿಗೆ ಬಚ್ಚಿಟ್ಟು, ಹಳಸಿದ್ದನ್ನ ನಮ್ಮ ಹುಡುಗನಿಗೆ ಬಡಿಸಿದ್ರಿ ಅಲ್ವಾ, ಶಹಾತಣ್ಣ?"

ಎದುರುಮನೆಯ ಉಮ್ ಯಾಸೀನ್ ಬಾಗಿಲಲ್ಲೇ ನಿಂತು ಮಗನ ನೋಟುಬುಕ್ಕನ್ನು ಶಹಾತನ ಮೂಗಿಗೆ ಹಿಡಿದಿದ್ದಳು. ಅವಳ ಬೆನ್ನ ಹಿಂದೆ ಯಾಸೀನ, ಇದಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ಕಡಲೆ ಅಗಿಯುತ್ತಿದ್ದ.

ಶಹಾತ ತಂತಾ ಪಟ್ಟಣದ ರೈಲುನಿಲ್ದಾಣದ ಹಿಂದೆ ಫೂಲ್ ಎಂಬ ಬೆಂದ ಕಾಳಿನ ತಿಂಡಿ ಮಾರುವವನು. ಮಧ್ಯಾಹ್ನಕ್ಕೆ ಹಂಡೆ ಖಾಲಿಯಾದರೆ ಮನೆಗೆ ಬಂದು, ಕೈತೊಳೆದು, ಐದನೇ ಕ್ಲಾಸಿನ ಮಗಳು ಬಸ್ಮಲಾಳ ಹೋಂವರ್ಕ್ ಮಾಡಿಸಲು ಕೂರುತ್ತಿದ್ದ. ಬೀದಿಯ ಮಕ್ಕಳೆಲ್ಲ ಟ್ಯೂಷನ್ನಿಗೆ ಹೋದರೂ ಬಸ್ಮಲಾ ಹೋದವಳಲ್ಲ. "ನನ್ನ ಮಗಳ ಮೇಷ್ಟ್ರು ಮನೇಲೇ ಇದಾನೆ" ಎಂದು ಗಿರಾಕಿಗಳಿಗೆ ಸೌಟು ಎತ್ತಿದಾಗಲೆಲ್ಲ ಸಾರುತ್ತಿದ್ದ. ಸ್ವತಃ ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಗಳ ನೋಟುಬುಕ್ಕಿನ ಕೆಂಪು ಒಂಬತ್ತುಗಳಲ್ಲಿ ಅರ್ಧವಾದರೂ ತನ್ನದೆಂದು ಅವನ ಲೆಕ್ಕ. ಈ ಹೊಗಳಿಕೆ ಕೇಳಿಕೇಳಿಯೇ ಉಮ್ ಯಾಸೀನ್ ಹೋದ ವಾರ ಅದೇ ಕ್ಲಾಸಿನ ಮಗನನ್ನೂ ತಂದು ಕೂರಿಸಿದ್ದಳು.

ಶಹಾತ ಎರಡೂ ನೋಟುಬುಕ್ಕುಗಳನ್ನು ಹಾಸಿಗೆಯ ಮೇಲೆ ಹರಡಿ ನೋಡಿದ. ಅದೇ ಲೆಕ್ಕ, ಅದೇ ಉತ್ತರ.

"ಒಂದೇ ಹಂಡೆ, ಒಂದೇ ಸೌಟು. ಇವಳಿಗೆ ಒಂಬತ್ತು, ಇವನಿಗೆ ಎರಡಾ? ಆ ಮೇಡಂಗೆ ಕಣ್ಣಿಲ್ವಾ? ಶಾಲೇಲಿ ಸಂಜೆ ಪಾಳಿ ನಡೀತಿರುತ್ತೆ, ಈಗಲೇ ಹೋಗಿ ಕೇಳ್ತೀನಿ." ಮೊಳೆಗೆ ತೂಗುಹಾಕಿದ್ದ ಶುಕ್ರವಾರದ ನಮಾಜಿನ ನಿಲುವಂಗಿಯನ್ನು ತೆಗೆದು ತಲೆಯ ಮೇಲಿಂದ ಇಳಿಸಿಕೊಂಡ.

ಅಷ್ಟರಲ್ಲಿ ಬಸ್ಮಲಾ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಹೋಗ್ಬೇಡಿ ಬಾಬಾ."

"ಅನ್ಯಾಯ ಕಂಡೂ ಸುಮ್ನಿರಲಾ?"

ಹುಡುಗಿ ತಂದೆಯ ಮುಖ ನೋಡಿದಳು, ಉಮ್ ಯಾಸೀನಳ ಮುಖ ನೋಡಿದಳು. ಕೊನೆಗೆ ಹಾಸಿಗೆಯಡಿಯಿಂದ ಇನ್ನೊಂದು ನೋಟುಬುಕ್ಕು ಎಳೆದು ಕೊಟ್ಟಳು. ಅದೇ ಲೆಕ್ಕಗಳು, ಬೇರೆ ಉತ್ತರಗಳು. ಪ್ರತಿ ಪುಟದಲ್ಲೂ ಹತ್ತಕ್ಕೆ ಹತ್ತು.

"ಇದು ಶಾಲೆಗೆ ಹೋಗೋದು. ಅದು ನಮ್ಮನೇದು."

"ಅದರಲ್ಲಿರೋ ಒಂಬತ್ತು?"

"ನಾನೇ ಹಾಕಿದ್ದು."

ಅಡುಗೆಮನೆಯಲ್ಲಿ ಹೆಂಡತಿ ನಗಾತ್ ಈರುಳ್ಳಿ ಹೆಚ್ಚುವ ಸದ್ದು ನಿಂತಿತು. ಅವಳಿಗೂ ಗೊತ್ತಿತ್ತೆಂದಾಯಿತು. ಶಹಾತ ಹಾಸಿಗೆಯ ಅಂಚಿಗೆ ಕುಸಿದು ಕುಳಿತ. ಒಂಬತ್ತುಗಳ ಆ ಪುಸ್ತಕವನ್ನು ಅವನು ಕ್ಷೌರಿಕನಿಗೆ ತೋರಿಸಿದ್ದ, ಟಪಾಲಿನವನಿಗೆ ತೋರಿಸಿದ್ದ, ಮಸೀದಿಯ ಇಮಾಮರ ಕನ್ನಡಕ ಒರೆಸಿಕೊಟ್ಟು ತೋರಿಸಿದ್ದ.

"ಒಂದು ಮಾತು ಹೇಳ್ಬಾರ್ದಿತ್ತೇನೇ?"

"ಮೊದಲ ದಿನಾನೇ ಹೇಳ್ದೆ ಬಾಬಾ. ಪುಸ್ತಕ ಅಚ್ಚು ಮಾಡಿದವನದೇ ತಪ್ಪು ಅಂದ್ರಿ."

ಅಂದಿದ್ದ, ನಿಜ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಿರಾಕಿ ಅವನು.

"ಹಂಗಾದ್ರೆ ಸೊನ್ನೆ ಹಾಕ್ಬೇಕಿತ್ತು."

"ಒಂದ್ಸಲ ಐದು ಹಾಕಿದ್ದೆ," ಎಂದಳು ಬಸ್ಮಲಾ. "ಅವತ್ತು ನೀವು ಊಟಾನೇ ಮಾಡ್ಲಿಲ್ಲ."



ಶಹಾತ ಮನೆಯ ಪುಸ್ತಕವನ್ನು ಮಗಳ ಮುಂದೆ ಸರಿಸಿದ, "ತಪ್ಪು ಎಲ್ಲಿ, ತೋರಿಸು."

ಬಸ್ಮಲಾ ಬುಟ್ಟಿಯಿಂದ ಒಂದು ರೊಟ್ಟಿ ತಂದು ಅರ್ಧಕ್ಕೆ ಹರಿದಳು. "ಅರ್ಧ ರೊಟ್ಟಿ ತಟ್ಟೇಲಿದೆ. ಅದಕ್ಕೆ ಮೂರನೇ ಒಂದು ಭಾಗ ಸೇರಿಸ್ತೀರಿ. ಮೇಲಿಂದು ಮೇಲಕ್ಕೆ, ಕೆಳಗಿಂದು ಕೆಳಕ್ಕೆ ಕೂಡಿಸಿ ಐದರಲ್ಲಿ ಎರಡು ಅಂತ ಬರೆದಿದೀರಿ. ಐದರಲ್ಲಿ ಎರಡು ಅಂದ್ರೆ ಅರ್ಧಕ್ಕಿಂತ ಕಡಿಮೆ ಬಾಬಾ. ರೊಟ್ಟಿ ಹಾಕ್ತಾ ಹೋದ್ರೆ ತಟ್ಟೆ ಬರಿದಾಗುತ್ತಾ?"

ಶಹಾತ ರೊಟ್ಟಿಯನ್ನೇ ದಿಟ್ಟಿಸಿದ. ಮೀಸೆಯಡಿ ಏನೋ ಅಲುಗಿತು.

"ಅಂಗಡೀಲಿ ಯಾವನಾದ್ರೂ ನಂಗೆ ಈ ಲೆಕ್ಕ ಹೇಳಿದ್ರೆ ಸೌಟಲ್ಲಿ ಬಾರಿಸ್ತಿದ್ದೆ."

ಮೊದಲು ನಕ್ಕಿದ್ದು ಅಡುಗೆಮನೆ.

"ಎಲ್ಲಾ ಸರಿ, ನನ್ನ ಮಗನ ಗತಿ ಏನು?" ಉಮ್ ಯಾಸೀನ್ ಬಾಗಿಲಿನಿಂದಲೇ ಕೇಳಿದಳು.

"ಒಳಗೆ ಕಳಿಸಮ್ಮ. ಮೇಷ್ಟ್ರು ಮನೇಲೇ ಇದಾಳೆ."

ಶಹಾತ ನಿಲುವಂಗಿ ಕಳಚಿ ಮೊಳೆಗೆ ಹಾಕಿದ. ಬಸ್ಮಲಾ ಗಿಡ್ಡ ಮೇಜಿನ ಮುಂದೆ ಕುಳಿತು ಹೊಸ ಲೆಕ್ಕ ಬರೆಯತೊಡಗಿದಳು. ಯಾಸೀನ ಕಡಲೆಯ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಎದುರು ಕೂತ. ಸ್ವಲ್ಪ ಹೊತ್ತು ನಿಂತು ನೋಡಿದ ಶಹಾತ, "ಸರಿಯೋ ಆಚೆ" ಎಂದು ಹುಡುಗನನ್ನು ಮೊಣಕಾಲಿನಿಂದ ತಳ್ಳಿ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿದ.

"ಸರಿಯಾಗಿ ಮಾಡಿದ್ರೆ ಎಷ್ಟು ಕೊಡ್ತೀಯ?"

"ಮೊದಲು ಮಾಡಿ."

ಅವನು ಪೆನ್ಸಿಲ್ ಹಿಡಿದು ಬಾಗಿದ. ಯಾಸೀನ ಇಣುಕಿದ್ದು ಕಂಡು, ಎಡಗೈಯನ್ನು ಬಳಸಿ ತನ್ನ ಉತ್ತರವನ್ನು ಮುಚ್ಚಿಕೊಂಡ.