ಹಾಜಿರಾ ಬೀಯ ಲೆವೆಲ್

ಬೇಸಿಗೆಯ ಮಧ್ಯಾಹ್ನ ರಾಯಚೂರಿನಲ್ಲಿ ಬಳೆ ಕೊಳ್ಳಲು ಯಾರು ಬರುತ್ತಾರೆ? ಅಣ್ಣ ಮುಕರ್ರಂ ಊಟಕ್ಕೆ ಹೋದ ಮೇಲೆ ಹುಮೇರಾ ಅಂಗಡಿಯ ಶಟರ್ ಅರ್ಧಕ್ಕೆಳೆದು ಫೋನಿನಲ್ಲಿ ಮನೆ ಕಟ್ಟುತ್ತಿದ್ದಳು. ಅದೊಂದು ಒಗಟಿನ ಆಟ. ಆಡುವವರೇ ಅದರಲ್ಲಿ ಹೊಸ ಲೆವೆಲ್ ಕಟ್ಟಬಹುದು. ಒಂದು ಕೋಣೆ, ಒಂದು ಮುಚ್ಚಿದ ಬಾಗಿಲು, ಅದನ್ನು ತೆರೆಸುವ ಉಪಾಯ, ಅಷ್ಟೆ. ಉಳಿದವರು ಆಡಿ ನೋಡಿ ತಪ್ಪು ಒಪ್ಪು ಹೇಳುತ್ತಾರೆ. ಕೇಳುವುದು ಬಿಡುವುದು ಕಟ್ಟಿದವರಿಗೆ ಬಿಟ್ಟದ್ದು.

ಹುಮೇರಾ ಕಟ್ಟಿದ್ದು ಅಜ್ಜಿ ಹಾಜಿರಾ ಬೀಯ ಮಾನ್ವಿ ಮನೆ. ಅಜ್ಜಿ ಹೋದ ವರ್ಷ ತೀರಿಕೊಂಡಿದ್ದಳು, ಆ ಬಾಡಿಗೆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದರು. ಫೋನಿನೊಳಗೆ ಮಾತ್ರ ಸುಣ್ಣದ ಗೋಡೆ ಇನ್ನೂ ತಣ್ಣಗಿತ್ತು. ಹಸಿರು ಕಿಟಕಿಯಿಂದ ಬಿಸಿಲು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಮೂಲೆಯಲ್ಲಿ ಮಣ್ಣಿನ ಕೊಡ, ಮಂಚದ ಮೇಲೆ ಬಿಳಿ ದುಪಟ್ಟಾದ ಅಜ್ಜಿ. ಕೊಡದಿಂದ ಲೋಟಕ್ಕೆ ನೀರು ತುಂಬಿ ಅಜ್ಜಿಗೆ ಕುಡಿಸಿದರೆ ಹಿಂದಿನ ಬಾಗಿಲು ತೆರೆದು ಬೇವಿನ ನೆರಳು ಕಾಣುತ್ತದೆ, ಅಲ್ಲಿಗೆ ಆಟ ಮುಗಿಯುತ್ತದೆ.

ಆದರೆ ಗೆಲ್ಲುವವರೇ ಕಡಿಮೆ. ಹೆಚ್ಚಿನವರು ಗೆಲ್ಲಲಾಗದ ಲೆವೆಲ್ಲನ್ನು ಪ್ರತಿ ಶುಕ್ರವಾರ ಅಳಿಸಿಹಾಕುವುದು ಆ ಆಟದ ಕಾನೂನು. ಆ ಮನೆಯನ್ನು ಎರಡನೇ ಸಲ ಕಳೆದುಕೊಳ್ಳುವ ಧೈರ್ಯ ಹುಮೇರಾಳಿಗೆ ಇರಲಿಲ್ಲ. ವಿಚಿತ್ರವೆಂದರೆ ದೂರದೂರಿನವರು ಕಂಡದ್ದನ್ನೆಲ್ಲ ಒತ್ತಿ ಹೇಗೋ ದಾಟುತ್ತಿದ್ದರು. ಆಡುವವರಲ್ಲಿ ಹೆಚ್ಚಿನವರು ಅವಳೇ ಲಿಂಕ್ ಕಳಿಸಿ ಕರೆದ ಸುತ್ತಲಿನ ಊರಿನವರು. ಆ ಪೋತ್ನಾಳದವರು, ಮಾನ್ವಿಯವರು ಅಜ್ಜಿಯ ಮುಂದೆ ಸುಮ್ಮನೆ ನಿಂತು, ಬೇಜಾರಾಗಿ ಬಿಟ್ಟುಹೋಗುತ್ತಿದ್ದರು.

ದೇವದುರ್ಗದ ಕಡೆಯ ಮಸರಕಲ್ಲಿನ ಶಿವಗಂಗಾ ಫೋನ್ ಮಾಡಿದಳು. ಇಬ್ಬರೂ ಮುಖ ನೋಡಿಕೊಂಡವರಲ್ಲ, ಆಟದಲ್ಲೇ ಆದ ಗೆಳೆತನ. ಹುಮೇರಾಳ ಎಲ್ಲ ಲೆವೆಲ್ಲುಗಳನ್ನೂ ಮೊದಲು ಆಡಿ ಬೈಯುವವಳು ಅವಳೇ.

“ಎಲ್ಲಿ ಒತ್ತಬೇಕಂತ ತೋರ್ಸಾಕ ಬಾಣದ ಗುರ್ತು ಹಾಕಂತಾರ ಎಲ್ಲಾರೂ,” ಎಂದಳು ಹುಮೇರಾ. “ನಮ್ಮ ಅಜ್ಜಿ ತಲಿ ಮ್ಯಾಲ ಬಾಣ ಹಾಕ್ಲೇನು? ಅಕಿ ಏನ್ ಬಸ್ ಸ್ಟ್ಯಾಂಡ?”

“ಬಾಣ ಬ್ಯಾಡ ಬೇ. ನಾ ಬಿಸಲಾಗ ಬಂದು ಅಜ್ಜಿ ಮುಂದ ನಿಂತೀನಿ. ನೀರ ಕೊಡ್ತಾಳಂತ ಕಾಯಾಕತ್ತೀನಿ. ಅಕಿ ಏಳವಲ್ಲಳು. ಮನಿಗಿ ಬಂದವರಿಗೆ ನೀರ ಕೊಡಲಾರದ ನಮ್ಮ ಕಡಿ ಯಾರರ ಮಾತಾಡಿಸ್ತಾರೇನು? ಬಂದವರ ಕೈಲೆ ನೀರ ತರಿಸ್ಕೊಂಡು ಕುಡಿಯೋ ಅಜ್ಜಿನ ನಾ ಎಲ್ಲೂ ನೋಡಿಲ್ಲ. ನಿಮ್ಮಜ್ಜಿ ಹಂಗಿದ್ಲೇನು?”

ಹುಮೇರಾ ಫೋನ್ ಕಟ್ ಮಾಡಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಟ ಲೆವೆಲ್ ಕಟ್ಟುವವರಿಗೆ ತುಸು ಹೆಚ್ಚೇ. ತನ್ನ ಅಜ್ಜಿ ಹೇಗಿದ್ದಳೆಂದು ಮಸರಕಲ್ಲಿನವಳು ಕಲಿಸಬೇಕೆ?

ಸಿಟ್ಟಿನಲ್ಲೇ ಬಳೆ ಡಬ್ಬಿಗಳಿಗೆ ಒರಗಿದವಳಿಗೆ ಜೊಂಪು ಹತ್ತಿತು. ಹೊರಗಿನ ಬಿಸಿಲು ಶಟರಿನ ಕೆಳಗಿಂದ ಹರಿದು ಬಂದು ಮಾನ್ವಿಯ ನೆಲವಾಯಿತು. ಶಾಲೆಯ ಚೀಲ ಹೊತ್ತ ಪುಟ್ಟ ಹುಮೇರಾ ಹೊಸ್ತಿಲಲ್ಲಿ ಏನೋ ಹೇಳಲು ಬಾಯಿ ತೆರೆದಿದ್ದಾಳೆ. ಹಾಜಿರಾ ಬೀ ಸರಸರ ನಡೆದು ಬಂದು ಲೋಟ ಹಿಡಿಯುತ್ತಾಳೆ. “ಪೈಲೇ ಪಾನಿ ಪೀ ಮಾ, ಬಾತಾಂ ಬಾದ್ ಮೇ.” ಮೊದಲು ನೀರು, ಮಾತು ಆಮೇಲೆ.

ಎಚ್ಚರವಾದಾಗ ಕಣ್ಣು ಒದ್ದೆಯಾಗಿತ್ತು. ಕೊನೆಯ ದಿನಗಳಲ್ಲಿ ಅಜ್ಜಿಗೆ ಏಳಲಾಗುತ್ತಿರಲಿಲ್ಲ, ಚಮಚದಲ್ಲಿ ನೀರು ಕುಡಿಸುತ್ತಿದ್ದವಳು ಹುಮೇರಾ. ಆ ದಿನಗಳೇ ಮನಸ್ಸಿನಲ್ಲಿ ನಿಂತು, ನಡೆದಾಡುತ್ತಿದ್ದ ಅಜ್ಜಿಯನ್ನು ಅವಳು ಮರೆತಿದ್ದಳು. ಅಷ್ಟು ಪ್ರೀತಿಯಿಂದ ಕಟ್ಟಿದ್ದು ಅಜ್ಜಿಯ ಕಾಯಿಲೆಯನ್ನು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಜ್ಜಿ ಬೇಕೆನ್ನಿಸಿತು.

ಲೆವೆಲ್ಲನ್ನು ತಿರುವುಮುರುವು ಮಾಡಿ ಕಟ್ಟಿದಳು. ಈಗ ಏನು ಮುಟ್ಟಿದರೂ ಪ್ರಯೋಜನವಿಲ್ಲ. ಕೈ ಬಿಟ್ಟು ಸುಮ್ಮನೆ ನಿಂತವರಿಗೆ ಅಜ್ಜಿ ತಾನೇ ನೀರು ತರುತ್ತಾಳೆ, ಕುಡಿದರೆ ಬಾಗಿಲು ತೆರೆಯುತ್ತದೆ. ದೂರದೂರಿನವರು ಎಲ್ಲ ಒತ್ತಿ ಸುಸ್ತಾಗಿ ಗೊಣಗಿದರು. ಪೋತ್ನಾಳದವರು, ಮಾನ್ವಿಯವರು ನಿಂತರು, ಕುಡಿದರು, ದಾಟಿದರು. ಶುಕ್ರವಾರ ಲೆವೆಲ್ ಉಳಿಯಿತು. “ನೀರು ತಂಪದಾವ,” ಎಂದಷ್ಟೇ ಲೆವೆಲ್ಲಿನ ಕೆಳಗೆ ಬರೆದಿದ್ದಳು ಶಿವಗಂಗಾ.

ಆ ಮಧ್ಯಾಹ್ನ ಹುಮೇರಾ ಫೋನನ್ನು ಬಳೆಗಳ ನಡುವೆ ಇಟ್ಟು ಕೈ ತೆಗೆದಳು. ಹಾಜಿರಾ ಬೀ ಮಂಚದಿಂದ ಕಾಲು ಇಳಿಬಿಟ್ಟು ಎದ್ದಳು. ಕೊಡದ ತನಕ ನಡೆದು, ಲೋಟ ತುಂಬಿ ತಂದು ಮುಂದೆ ಹಿಡಿದಳು. ಕುಡಿದರೆ ಆಟ ಮುಗಿಯುತ್ತದೆ. ಹುಮೇರಾ ಕುಡಿಯಲಿಲ್ಲ. ಮುಕರ್ರಂ ಬಂದು ಶಟರ್ ಎತ್ತುವವರೆಗೂ ಅಜ್ಜಿ ಲೋಟ ಹಿಡಿದು ನಿಂತೇ ಇದ್ದಳು.